ಗಾನವಿಯ ಕಮೆಂಟು

ವಿಡಿಯೋ ಹಾಕಿದ ಸ್ವಲ್ಪ ಹೊತ್ತಿಗೇ ಗಾನವಿಯ ಕಮೆಂಟು ಬಂದಿರುತ್ತಿತ್ತು. ‘ಸರ್, ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.’ ಜೊತೆಗೊಂದು ಕೆಂಪು ಹೃದಯ. ಸೌಂದರ್ಯಾಳ ಕಣ್ಣು ಮೊದಲು ಹೋಗುತ್ತಿದ್ದುದೇ ಆ ಹೃದಯದ ಮೇಲೆ.

ಉಜ್ವಲ್ ಕೊಪ್ಪದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಸೌಂದರ್ಯಾ ಅಲ್ಲಿಯೇ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಕನ್ನಡದಲ್ಲಿ ಪಾಠ ಹೇಳುವ ಯೂಟ್ಯೂಬ್ ಚಾನೆಲ್ ಶುರು ಮಾಡಿದಾಗ, ಮೊಬೈಲ್ ಹಿಡಿಯಲು ಅವನು ಕರೆದದ್ದು ಅವಳನ್ನೇ. ಸಂಜೆ ಖಾಲಿ ಲ್ಯಾಬಿನಲ್ಲಿ ಅವರಿಬ್ಬರೇ. ಆರ್ಟ್ಸ್ ಓದಿದ ನಿಮಗೆ ತಿಳಿದರೆ ಊರಿಗೇ ತಿಳಿದ ಹಾಗೆ ಎಂದು ರೇಗಿಸುತ್ತಿದ್ದ. ಅವಳು ಹುಬ್ಬು ಗಂಟಿಕ್ಕಿದರೆ ಮತ್ತೆ ಮೊದಲಿಂದ ಹೇಳುತ್ತಿದ್ದ. ನಕ್ಕರೆ ಮುಂದಿನ ಮಾತೇ ಮರೆಯುತ್ತಿದ್ದ.

ಗಾನವಿ ಶೃಂಗೇರಿಯಲ್ಲಿ ಬಿ.ಎಡ್. ಓದುತ್ತಿದ್ದವಳು. ಪಾಠ ಮಾಡುವುದು ಹೇಗೆಂದು ಅವನ ವಿಡಿಯೋ ನೋಡಿ ಕಲಿಯುತ್ತಿದ್ದಳು. ಕಮೆಂಟಿನಿಂದ ವಾಟ್ಸಾಪಿಗೆ ಬಂದಳು. ಅವಳ ಪ್ರಶ್ನೆಗಳಿಗೆ ಅವನು ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸತೊಡಗಿದ.

ಒಂದು ಸಂಜೆ ಸೌಂದರ್ಯಾ ಅವನ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾಗ, ಪರದೆಯಲ್ಲಿ ಅವನ ಹಣೆಯ ಮೇಲೆಯೇ ಗಾನವಿಯ ಹೆಸರು ಇಳಿದು ಬಂತು. ಪಕ್ಕದಲ್ಲಿ ಗುಳಿಕೆನ್ನೆಯ ಪುಟ್ಟ ಫೋಟೋ.

ಅವಳು ಮೊಬೈಲನ್ನು ಟೇಬಲ್ ಮೇಲಿಟ್ಟಳು. “ಒಂದು ಸ್ಟ್ಯಾಂಡ್ ತಗೊಳ್ಳಿ ಮಾರಾಯ್ರೆ. ಅದಕ್ಕಾದ್ರೆ ಕೈನೋವು ಬರಲ್ಲ.”

ಅವನು ಕೈನೋವೆಂದೇ ನಂಬಿದ. ಮರುದಿನ ಮುಲಾಮು ತಂದುಕೊಟ್ಟ, ಸ್ಟ್ಯಾಂಡನ್ನೂ ತರಿಸಿಕೊಂಡ. ಅವಳು ಆ ಮುಲಾಮನ್ನು ಎಸೆಯಲಾರದೆ, ಹಚ್ಚಲೂ ಆರದೆ ಒದ್ದಾಡಿದಳು. ಲ್ಯಾಬಿನ ಕಡೆ ಮುಖ ಹಾಕಲಿಲ್ಲ. ಮನೆಯಲ್ಲಿ ಮಾತ್ರ ಹೊಸ ವಿಡಿಯೋ ತೆರೆದು, ಪಾಠ ಬಿಟ್ಟು ಗಾನವಿ ಏನು ಬರೆದಿದ್ದಾಳೆಂದು ಹುಡುಕುತ್ತಿದ್ದಳು.

ಕೆಲವು ವಾರ ಕಳೆದ ಮೇಲೆ ಗಾನವಿಯೇ ಲೈಬ್ರರಿಗೆ ಬಂದು ನಿಂತಳು. ಫೋಟೋಗಿಂತ ಚೆಂದವಿದ್ದಳು. ಉಜ್ವಲ್ ಕ್ಲಾಸಿನಲ್ಲಿದ್ದಾನೆಂದು ಹೇಳಿ, ಸೌಂದರ್ಯಾ ಒಲ್ಲದ ಮನಸ್ಸಿನಿಂದ ಕುರ್ಚಿ ತೋರಿಸಿದಳು. ಸರ್ ಹತ್ತಿರ ಮುಖತಃ ಹೇಳಬೇಕಾದದ್ದೊಂದಿದೆ ಎಂದು ಗಾನವಿ ಕೆಂಪಾದಳು. ಆಮೇಲೆ, ಈಚಿನ ವಿಡಿಯೋಗಳಲ್ಲಿ ಸರ್ ಯಾಕೋ ಮಂಕಾಗಿದ್ದಾರೆ ಎಂದಳು.

“ಅಕ್ಕ, ಮೊದಲೆಲ್ಲ ಮೊಬೈಲ್ ಹಿಡೀತಿದ್ದದ್ದು ಯಾರು?”

“ನಾನು.”

ಗಾನವಿ ಅವಳ ಮುಖವನ್ನೇ ನೋಡುತ್ತ ಉಳಿದಳು.

“ಸರ್ ನನ್ನನ್ನೇ ನೋಡಿ ಪಾಠ ಮಾಡ್ತಾರೆ ಅಂದ್ಕೊಂಡಿದ್ದೆ,” ಎಂದಳು ಮೆಲ್ಲಗೆ. “ಅವರು ನೋಡ್ತಿದ್ದದ್ದು ನಿಮ್ಮನ್ನ.”

ಉಜ್ವಲ್‌ಗಾಗಿ ಅವಳು ಕಾಯಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಸೌಂದರ್ಯಾ ಜೊತೆಗೆ ಹೋದಳು. ಬಸ್ಸು ಹತ್ತುವ ಮುಂಚೆ ಗಾನವಿ ಅವಳ ಕೈಯನ್ನೊಮ್ಮೆ ಒತ್ತಿ ಬಿಟ್ಟಳು.

ಸಂಜೆ ಸೌಂದರ್ಯಾ ಲ್ಯಾಬಿಗೆ ಹೋದಳು. ಗಾನವಿ ಬಂದು ಹೋದದ್ದನ್ನು ಕೇಳಿ ಉಜ್ವಲ್, ಪಾಪ ಅಷ್ಟು ದೂರದಿಂದ ಬಂದವಳು, ಕೂರಿಸಿಕೊಳ್ಳಬೇಕಿತ್ತು ಎಂದ. ಆ ‘ಪಾಪ’ವೇ ಅವಳಿಗೆ ಮತ್ತೆ ಚುಚ್ಚಿತು.

“ಅವಳಿಗೆ ಯಾಕೆ ಅಷ್ಟೊಂದು ಮೆಸೇಜ್ ಕಳಿಸ್ತೀರಿ?”

“ಅವಳು ಕೇಳ್ತಾಳಲ್ಲ. ನೀವು ಏನೂ ಕೇಳೋದೇ ಇಲ್ಲ.”

“ಹಾಗಾದ್ರೆ ಕೇಳ್ತೀನಿ. ನನ್ನನ್ನ ಮದುವೆ ಆಗ್ತೀರಾ?”

ಯಾವ ಪ್ರಶ್ನೆಗೂ ತಡವರಿಸದ ಲೆಕ್ಚರರ್ ಬೆಂಚಿನ ಮೇಲೆ ಕುಳಿತುಬಿಟ್ಟ.

“ನರಸಿಂಹರಾಜಪುರದ ಮನೆಗೆ ಹೋದಾಗ ಅಮ್ಮಂಗೆ ಹೇಳಿ ಬಂದಿದ್ದೀನಿ,” ಎಂದ. “ಅಪ್ಪಂಗೂ ಗೊತ್ತು. ನಿನ್ನ ಹತ್ರ ಹೇಳೋಕೆ ಮಾತ್ರ ಧೈರ್ಯ ಬರ್ಲಿಲ್ಲ.”

ಅವನ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬಂದಿತ್ತು. ಸೌಂದರ್ಯಾ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಕಣ್ಣು ತುಂಬಿತ್ತು, ಮುಖದಲ್ಲಿನ್ನೂ ಕೋಪವಿತ್ತು.

“ಊರಿಗೆಲ್ಲ ಹೇಳಿ ನನಗೇ ಹೇಳಿಲ್ಲ,” ಎಂದಳು. “ಈಗ ಹೇಳಿ.”

ಅವನು ಹತ್ತಿರ ಸರಿದು, ಅವಳ ಕೈ ಹಿಡಿದು, ಹೇಳಿದ.