ನಾಲ್ಕು ಮಿಲಿಮೀಟರ್

ಗಂಡ ಸುದೀಪನ ತಿಥಿ ಮುಗಿದ ಮರುದಿನ, ಸೋಮವಾರ ಬೆಳಿಗ್ಗೆ 9.10ಕ್ಕೆ ಕೊರಿಯರ್‌ನವನು ನಾಲ್ಕು ಚಕ್ರಗಳನ್ನು ಜಗಲಿಗೆ ಇಳಿಸಿ, ‘ಸುದೀಪ್ ಸಾರ್ ಇದಾರಾ?’ ಎಂದ. ವೀಣಾ ತಾನೇ ಸಹಿ ಹಾಕಿದಳು. ಚೀಟಿಯಲ್ಲಿ ‘ಹದಿನಾರು ಇಂಚು’ ಎಂದಿತ್ತು.

ಸುದೀಪ್ ತನ್ನ ಹಳೆಯ ಕಾರಿಗೆ ಎರಡು ಪಟ್ಟು ಶಕ್ತಿಯ ಎಂಜಿನ್ ಕೂರಿಸಿದ್ದ. ಅದನ್ನು ಹಿಡಿದು ನಿಲ್ಲಿಸಲು ಮುನ್ನೂರು ಮಿಲಿಮೀಟರಿನ ಬ್ರೇಕ್ ಡಿಸ್ಕ್ ಬೇಕು, ಹಳೆಯ ಹದಿನೈದು ಇಂಚಿನ ಚಕ್ರದೊಳಗೆ ಅದು ಹಿಡಿಸುವುದಿಲ್ಲ ಎಂದು ಅವನೇ ಹೇಳಿದ್ದ. ದೊಡ್ಡ ಚಕ್ರ ಬಂದದ್ದು ಇವತ್ತು. ಹಾಗಾದರೆ ಹನ್ನೆರಡು ದಿನದ ಹಿಂದೆ, ಮಡಿಕೇರಿ ಇಳಿಜಾರಿನಲ್ಲಿ ಅವನು ಕಾರು ಸಮೇತ ಉರುಳಿ ಸತ್ತಾಗ, ಬ್ರೇಕ್ ಹೇಗೆ ಕೂತಿತ್ತು?

ಗ್ಯಾರೇಜಿನ ಧರ್ಮೇಶ್ ಅವಳ ತಮ್ಮ ಆನಂದನ ಕಾರಿಗೂ ಅದೇ ಬ್ರೇಕ್ ಹಾಕಿದ್ದ. ಆನಂದ್ ಮರಣೋತ್ತರ ವರದಿ ತರಲು ಬೆಳಿಗ್ಗೆಯೇ ಆ ಕಾರಿನಲ್ಲಿ ಮಡಿಕೇರಿಗೆ ಹತ್ತಿದ್ದ. ಇನ್ನು ಇಳಿಯಬೇಕು.

ಅವನ ಫೋನ್ ಸಿಗಲಿಲ್ಲ.

9.40ಕ್ಕೆ ಕುಶಾಲನಗರ ಠಾಣೆ. ಸಬ್ ಇನ್‌ಸ್ಪೆಕ್ಟರ್ ಪದ್ಮಯ್ಯ ದೂರು ಓದಿ ಮುಗಿಸುವ ಮೊದಲೇ ಮಡಿಕೇರಿಗೆ ವೈರ್‌ಲೆಸ್ ಹಿಡಿದರು.

‘ಕಾರಿನ ಬಣ್ಣ?’

‘ಹಳದಿ.’

‘ನಂಬರು?’

ಅವಳ ಬಾಯಿಗೆ ಗಂಡನ ಕಾರಿನ ನಂಬರೇ ಬರುತ್ತಿತ್ತು.

ಸುದೀಪನ ಜಜ್ಜಿಹೋದ ಕಾರು ಠಾಣೆಯ ಅಂಗಳದಲ್ಲೇ ಇತ್ತು. ಪಂಚಸಾಕ್ಷಿಗಳ ಎದುರು ಕಾನ್‌ಸ್ಟೆಬಲ್ ಲಿಂಗ ಮುಂದಿನ ಚಕ್ರ ಬಿಚ್ಚಿದ.

‘ಅಬ್ಬಾ, ಎಷ್ಟು ದೊಡ್ಡ ಡಿಸ್ಕು! ನಮ್ಮ ಜೀಪಿಗೆ ಬೇಡ ಬಿಡಿ ಸಾರ್, ಅದು ಓಡಿದ್ರೆ ತಾನೆ ನಿಲ್ಸೋದು’ ಎಂದವನು ವೀಣಾಳನ್ನು ಕಂಡು ನಾಲಿಗೆ ಕಚ್ಚಿಕೊಂಡ.

ಡಿಸ್ಕನ್ನು ಅವುಚಿ ಹಿಡಿಯುವ ಕ್ಯಾಲಿಪರ್‌ನ ಬೆನ್ನನ್ನು ಗ್ರೈಂಡರಿನಲ್ಲಿ ಉಜ್ಜಲಾಗಿತ್ತು. ಉಜ್ಜದ ಅಂಚಿಗಿಂತ ನಾಲ್ಕು ಮಿಲಿಮೀಟರ್ ತೆಳು. ಅಲ್ಲೇ ಬಿರುಕು, ಬ್ರೇಕ್ ಎಣ್ಣೆ ಸೋರಿದ ಕಲೆ. ಪಂಚನಾಮೆ ಬರೆದು, 10.25ಕ್ಕೆ ಎಫ್‌ಐಆರ್ ದಾಖಲಿಸಿದರು. ಮಡಿಕೇರಿಯಿಂದ ಉತ್ತರವಿರಲಿಲ್ಲ.

10.50. ಗ್ಯಾರೇಜಿನ ಬಾಗಿಲಲ್ಲಿ ವೀಣಾ ಫೋನ್ ಒತ್ತುತ್ತಲೇ ನಿಂತಳು.

‘ಉಜ್ಜಿದ್ದು ಯಾರು?’ ಪದ್ಮಯ್ಯ ಕೇಳಿದರು.

‘ನಾನೇ ಸಾರ್,’ ಧರ್ಮೇಶ್ ನೆಲ ನೋಡಿದ. ‘ಹಳೇ ಚಕ್ರ ಅದ್ರ ಮೇಲೆ ಕೂರ್ಲಿಲ್ಲ.’

‘ಆನಂದನ ಕಾರಿಗೆ?’

‘ಅದಕ್ಕೂ.’

‘ಒಬ್ಬ ಸತ್ತ ಮೇಲೂ ಬಾಯಿ ಬಿಡ್ಲಿಲ್ವಲ್ಲೋ!’

‘ಹೇಳಿದ್ರೆ ಸುದೀಪಣ್ಣನ್ನ ನಾನೇ ಕೊಂದಂಗಾಯ್ತದಲ್ಲ ಸಾರ್. ಸೂತಕ ಕಳೆಯೋವರೆಗೂ ಆನಂದನ ಕಾರು ಹೊರಗೆ ಬರಲ್ಲ, ಅಷ್ಟ್ರಲ್ಲಿ ಏನಾದ್ರೂ ನೆಪ ಹೇಳಿ ಬದಲಾಯಿಸೋಣಾಂತಿದ್ದೆ.’

ಸೂತಕ ನಿನ್ನೆಗೆ ಕಳೆದಿತ್ತು.

11.05ಕ್ಕೆ ಪದ್ಮಯ್ಯನವರ ಫೋನ್ ಹೊಡೆದುಕೊಂಡಿತು. ಹಳದಿ ಕಾರನ್ನು ಮಡಿಕೇರಿಯ ಪೆಟ್ರೋಲ್ ಬಂಕಿನಲ್ಲೇ ತಡೆದಿದ್ದರು. ವೀಣಾ ಫೋನ್ ಒತ್ತುವುದನ್ನು ನಿಲ್ಲಿಸಿದಳು.

11.20ಕ್ಕೆ ಧರ್ಮೇಶನ ಬಂಧನ. ಹೇಳಿಕೆಯಲ್ಲಿ ಅವನು ಹೀಗೆ ಬರೆಸಿದ: ಅವತ್ತು ಗ್ಯಾರೇಜಿನಲ್ಲಿ ಏಳೆಂಟು ಜನ ನಿಂತು ನೋಡುತ್ತಿದ್ದರು, ಹಳೆಯ ಚಕ್ರಕ್ಕೇ ಕೂರಿಸುತ್ತೇನೆ ಎಂದಿದ್ದ ನನ್ನ ಅಳತೆ ತಪ್ಪಿತು, ದೊಡ್ಡ ಚಕ್ರ ಬರುವವರೆಗೆ ಕಾಯಬೇಕು ಎನ್ನಲು ನಾಚಿಕೆಯಾಯಿತು.

ಸಂಜೆ ವೀಣಾ ಅಡುಗೆಮನೆಯಲ್ಲಿದ್ದ ಸ್ಟೀಲ್ ಫ್ಲಾಸ್ಕ್ ತೊಳೆದು ಧರ್ಮೇಶನ ಮನೆಗೆ ನಡೆದಳು. ಅವನ ತಾಯಿ ವನಜಮ್ಮ ಬಾಗಿಲು ತೆರೆದು ಒಂದು ಹೆಜ್ಜೆ ಹಿಂದೆ ಸರಿದರು.

‘ಶಾಪ ಹಾಕಕ್ಕೆ ಬಂದ್ಯಾ ಮಗಾ?’

‘ಇಲ್ಲಮ್ಮ. ನಮ್ಮನೆಯವ್ರು ಕಾಫಿ ತುಂಬಿಸ್ಕೊಂಡು ಹೋಗೋಕೆ ನಿಮ್ಮತ್ರ ಈಸ್ಕೊಂಡಿದ್ದ ಫ್ಲಾಸ್ಕು, ವಾಪಸ್ ಕೊಡೋಣಾಂತ.’

‘ನಿನ್ ತಮ್ಮ?’

‘ಬಂದ. ಬಸ್ಸಲ್ಲಿ.’

ವನಜಮ್ಮ ಎರಡೂ ಕೈ ಚಾಚಿದರು. ವೀಣಾ ಫ್ಲಾಸ್ಕ್ ಕೊಟ್ಟಳು.