ಮೀಸೆ ಬಂದ ಕೋಳಿ

"ಈ ಚಿತ್ರ ಬರೆದದ್ದು ಯಾರು?" ಇನ್ಸ್‌ಪೆಕ್ಟರು ವಿದ್ಯಾರ್ಥಿಗಳ ಪತ್ರಿಕೆಯನ್ನು ಠಾಣೆಯ ಮೇಜಿನ ಮೇಲೆ ಹರಡಿದರು.

ಚಿತ್ರದಲ್ಲಿ, ವರ್ಷವಿಡೀ ಬೀಗ ಬಿದ್ದಿರುವ ಕಾಲೇಜು ಲೈಬ್ರರಿ. ಆ ಬೀಗದ ಮೇಲೆ ಕಾವಿಗೆ ಕೂತ ಕೋಳಿ. ಕೋಳಿಗೆ ಪ್ರಿನ್ಸಿಪಾಲರ ಮೀಸೆ. ಪ್ರಿನ್ಸಿಪಾಲರು ದೂರು ಕೊಟ್ಟಿದ್ದರು. ಬರೆದವರ ಮೇಲೆ ಕ್ರಿಮಿನಲ್ ಕೇಸು.

ಬರೆದವಳು ಬೆಂಚಿನ ತುದಿಯಲ್ಲೇ ಇದ್ದಳು, ಬೆರಳಿನ ಮಸಿ ಇನ್ನೂ ಹೋಗಿರಲಿಲ್ಲ. ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಹುಡುಗ, ಪತ್ರಿಕೆಯ ಸಂಪಾದಕ, ಎದ್ದು ನಿಂತ.

"ನಾನು, ಸರ್."

ಅವಳು ಎರಡೂ ಜಡೆ ಬೀಸುವಂತೆ ತಿರುಗಿ ನೋಡಿದಳು. ಇವತ್ತಿನವರೆಗೂ ಅವಳ ಒಂದು ಚಿತ್ರಕ್ಕೂ "ಚೆನ್ನಾಗಿದೆ" ಎನ್ನದವನು! ಈಗ ಅಗಲ ಕಿವಿಗಳನ್ನು ಕೆಂಪಗೆ ಮಾಡಿಕೊಂಡು ಗೋಡೆ ನೋಡುತ್ತಿದ್ದಾನೆ.

"ಹೌದಾ? ಇನ್ನೊಂದು ಸಲ ಬರಿ, ನೋಡೋಣ." ಇನ್ಸ್‌ಪೆಕ್ಟರು ಪೆನ್ಸಿಲ್ ಕೊಟ್ಟರು.

ಅವನು ಬರೆದ. ಅಳಿಸಿದ. ಮತ್ತೆ ಬರೆದ. ಪೇದೆ ಬಗ್ಗಿ ನೋಡಿದ.

"ಸರ್, ಇದು ಕುಂಬಳಕಾಯಿ."

"ಕುಂಬಳಕಾಯಿಗೆ ಕಾಲು ಇರುತ್ತೇನ್ರೀ?"

"ಅದು ಬಾಲ, ಸರ್," ಎಂದ ಸಂಪಾದಕ ಸಣ್ಣ ದನಿಯಲ್ಲಿ.

ಅವಳು ತುಟಿ ಕಚ್ಚಿ ನಗು ತಡೆದಳು. ಆದರೆ ಮೀಸೆ ಕೋಳಿಯ ಹೊಟ್ಟೆಯ ಮೇಲೆ ಬಂದಾಗ ಸಹಿಸಲಾಗಲಿಲ್ಲ.

"ಅಯ್ಯೋ, ಕೊಡೋ ಇಲ್ಲಿ! ನನ್ನ ಮಾನ ಕಳೀಬೇಡ!"

ಪೆನ್ಸಿಲ್ ಕಸಿದುಕೊಂಡಳು. ನಾಲ್ಕೇ ಗೆರೆ: ಕೋಳಿ, ಬೀಗ, ಮೀಸೆ. ಪೇದೆ ಫಕ್ಕನೆ ನಕ್ಕ. ಇನ್ಸ್‌ಪೆಕ್ಟರು ಕೆಮ್ಮಿ ನಗು ನುಂಗಿದರು.

"ಈಗ ಇಬ್ಬರ ಮೇಲೂ ಕೇಸು. ಚಿತ್ರ ಬರೆದದ್ದಕ್ಕೆ ಇವಳ ಮೇಲೆ, ಸುಳ್ಳು ಹೇಳಿದ್ದಕ್ಕೆ ನಿನ್ನ ಮೇಲೆ."

ಕೋರ್ಟಿನಲ್ಲಿ ನ್ಯಾಯಾಧೀಶೆ ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಪ್ರಿನ್ಸಿಪಾಲರನ್ನು ಕೇಳಿದರು, "ಲೈಬ್ರರಿ ಬಾಗಿಲು ಈಗ ತೆರೆದಿದೆಯೇ?"

ಪ್ರಿನ್ಸಿಪಾಲರು ಮೀಸೆ ಮುಟ್ಟಿಕೊಂಡು, "ಇಲ್ಲ," ಎಂದರು.

"ಹಾಗಾದರೆ ಇದರಲ್ಲಿ ಸುಳ್ಳೇನಿದೆ? ನಗಿಸುವುದು ಅಪರಾಧವಲ್ಲ. ಮಕ್ಕಳಿಬ್ಬರೂ ಮನೆಗೆ ಹೋಗಲಿ."

ಹೊರಗೆ ಮೆಟ್ಟಿಲ ಮೇಲೆ ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು. ಕೆಳಗೆ ಕಾಯುತ್ತಿದ್ದ ಅವಳ ಅಮ್ಮ, ಏನೂ ಕಾಣದವರಂತೆ ಬೇರೆ ಕಡೆ ತಿರುಗಿಕೊಂಡರು.

"ಜಿರಲೆ ಕಂಡ್ರೆ ಕುರ್ಚಿ ಹತ್ತೋನು ನೀನು. ಜೈಲಿಗೆ ಹೋಗೋಕೆ ಯಾಕೆ ಎದ್ದು ನಿಂತೆ?"

"ನಿನ್ನ ಒಳಗೆ ಹಾಕಿದ್ರೆ... ಪತ್ರಿಕೆಗೆ ಚಿತ್ರ ಯಾರು ಬರೀತಾರೆ?"

"ಅಷ್ಟೇನಾ?"

ಅವನು ಜೇಬಿನಿಂದ ಮಡಿಸಿದ ಕಾಗದ ತೆಗೆದ. ಅದರಲ್ಲೊಂದು ಕುಂಬಳಕಾಯಿ, ಅದಕ್ಕೆ ಎರಡು ಜಡೆ.

"ಇದು... ನಾನಾ?"

"ಹೂಂ. ಏನು ಬರೆದ್ರೂ ಹಾಗೇ ಬರುತ್ತೆ. ಆದ್ರೆ ನಿನ್ನ ಬಿಟ್ಟು ಯಾರನ್ನೂ ಬರೆಯೋಕೆ ಕೂತೇ ಇಲ್ಲ ನಾನು."

ಅವಳು ಪೆನ್ಸಿಲ್ ತೆಗೆದಳು. ಒಂದು ಗೆರೆಯನ್ನೂ ತಿದ್ದಲಿಲ್ಲ. ಪಕ್ಕದಲ್ಲೇ, ತಾಗುವಂತೆ, ಇನ್ನೊಂದು ಕುಂಬಳಕಾಯಿ ಬರೆದಳು.

"ಇದ್ಯಾರು?"

"ಕಿವಿ ನೋಡು, ಗೊತ್ತಾಗುತ್ತೆ."