ಎರಡನೇ ಎಣಿಕೆ

ಒಂಬತ್ತನೇ ತಾರೀಕು ಸೋಮವಾರ, ಬೆಳಿಗ್ಗೆ 10.40. ಠಾಣೆಗೆ ಬಂದ ದಂಪತಿ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಎರಡು ವರದಿಗಳನ್ನಿಟ್ಟರು. ಗಂಡ ಬಡಗಿ, ಹೆಂಡತಿ ಟೀಚರ್. ಗಂಡನ ವೀರ್ಯಾಣುಗಳಲ್ಲಿ ಡಿಎನ್‌ಎ ಎಷ್ಟು ಒಡೆದಿದೆ ಎಂಬ ಪರೀಕ್ಷೆಯ ವರದಿಗಳವು. ಮೊದಲ ಲ್ಯಾಬ್ ಶೇ. 14, ಚಿಂತೆಯಿಲ್ಲ ಎಂದಿತ್ತು. ಹದಿನೈದೇ ದಿನಕ್ಕೆ ಬೇರೆ ಲ್ಯಾಬ್ ಶೇ. 46 ಎಂದಿತ್ತು.

“ಎರಡು ಸಲ ಬಸುರಾದೆ ಸರ್, ಎರಡೂ ಸಲ ಉಳೀಲಿಲ್ಲ. ತಪ್ಪು ನಂದೇ ಅಂತ ಇಂಜೆಕ್ಷನ್ ಚುಚ್ಚಿಸ್ಕೊಂಡಿದ್ದೇ ಚುಚ್ಚಿಸ್ಕೊಂಡಿದ್ದು. ಮುಂದಿನ ವಾರ ಮತ್ತೆ ಶುರುವಂತೆ. ಅಷ್ಟರೊಳಗೆ ಯಾವುದು ನಿಜ ಅಂತ ಗೊತ್ತಾಗ್ಬೇಕು.”

ಮೊದಲ ಲ್ಯಾಬಿನ ಹೆಸರನ್ನು ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಒಂಬತ್ತು ವರ್ಷದ ಹಿಂದೆ ಅವರೂ ಅಲ್ಲೇ ಈ ಪರೀಕ್ಷೆ ಮಾಡಿಸಿದ್ದರು. ಅದನ್ನು ಮೇಲಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು, 11.30ಕ್ಕೆ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ 2.15ಕ್ಕೆ ಆ ಲ್ಯಾಬಿನ ತಪಾಸಣೆ. ಎಲ್ಲರೂ ದೊಡ್ಡಣ್ಣ ಎನ್ನುವ ಹಿರಿಯ ಟೆಕ್ನಿಷಿಯನ್ ಪದ್ಧತಿ ವಿವರಿಸಿದರು. ಬಣ್ಣ ಹಾಕಿದ ಸ್ಲೈಡಿನಲ್ಲಿ ಐನೂರು ವೀರ್ಯಾಣು ಎಣಿಸಬೇಕು. ಸುತ್ತ ಬಳೆಯಂತೆ ವರ್ತುಲ ಕಂಡರೆ ಗಟ್ಟಿ, ಕಾಣದಿದ್ದರೆ ಒಡೆದದ್ದು. ಒಬ್ಬರ ಲೆಕ್ಕ ನೋಡದೆ ಇನ್ನೊಬ್ಬರೂ ಎಣಿಸಿ ಸಹಿ ಹಾಕಬೇಕು.

ಹೆಡ್ ಕಾನ್‌ಸ್ಟೇಬಲ್ ರಿಜಿಸ್ಟರ್ ತಿರುವಿಹಾಕಿದಳು. “ಸರ್, ಬೇರೆ ಪುಟಗಳಲ್ಲೆಲ್ಲ ಇಬ್ಬರ ಲೆಕ್ಕ ಐದಾರು ಹೆಚ್ಚುಕಮ್ಮಿ. ಈ ಬಡಗಿಯದ್ದು ನೋಡಿ, ಒಡೆದದ್ದು ಎಪ್ಪತ್ತಕ್ಕೆ ಎಪ್ಪತ್ತು. ನಾನೂ ನಮ್ಮನೆಯವ್ರೂ ಒಗೆದ ಬಟ್ಟೆ ಎಣಿಸಿದ್ರೇ ತಾಳೆ ಬೀಳಲ್ಲ.”

ಅಂಥವು ಹನ್ನೊಂದಿದ್ದವು. ಎರಡನೇ ಸಹಿ ಹಾಕಬೇಕಿದ್ದ ಸಹೋದ್ಯೋಗಿ ಆ ಹನ್ನೊಂದೂ ದಿನ ರಜೆಯಲ್ಲಿದ್ದರು. ಪಂಚರೆದುರು ಪಂಚನಾಮೆ ಬರೆದು ರಿಜಿಸ್ಟರ್, ಸ್ಲೈಡುಗಳನ್ನು ವಶಪಡಿಸಿಕೊಂಡರು. ಬುಧವಾರ ಸರ್ಕಾರಿ ಪ್ರಯೋಗಾಲಯ ಬಡಗಿಯ ಸ್ಲೈಡ್ ಎಣಿಸಿತು. ಒಡೆದದ್ದು ಎಪ್ಪತ್ತಲ್ಲ, ಇನ್ನೂರ ಇಪ್ಪತ್ತೆಂಟು, ಅಂದರೆ ಶೇ. 46.

ಗುರುವಾರ ಬಡಗಿ ಠಾಣೆಗೆ ಓಡಿಬಂದ. ವೈದ್ಯರು ಟೀಚರ್‌ಗೆ ಮುಂದಿನ ವಾರದ ಇಂಜೆಕ್ಷನ್ ಬೇಡವೆಂದು ಅವನನ್ನು ಪರೀಕ್ಷಿಸಿದ್ದರು. ವೃಷಣದ ರಕ್ತನಾಳ ಊದಿಕೊಂಡಿತ್ತು. “ಸಣ್ಣ ಆಪರೇಷನ್ನಿಂದ ಸರಿಹೋಗ್ಬಹುದಂತೆ. ಕೊರತೆ ನನ್ನಲ್ಲೇ ಅಂತ ಗೊತ್ತಾಗಿ ಇಷ್ಟು ಖುಷಿ ಆಗುತ್ತೆ ಅಂದ್ಕೊಂಡಿರ್ಲಿಲ್ಲ. ನಿಮ್ಮ ಉಪಕಾರ ಮರೆಯಲ್ಲ ಸರ್.”

ಅಂದೇ ಸಂಜೆ 4.05ಕ್ಕೆ, ಹನ್ನೊಂದಕ್ಕೂ ಮೊದಲ ಸಹಿ ಹಾಕಿದ್ದ ದೊಡ್ಡಣ್ಣನ ವಿಚಾರಣೆ.

“ಎರಡನೇ ಸಹಿ ಯಾರದ್ದು?”

“ನಂದೇ,” ಎಂದರು ದೊಡ್ಡಣ್ಣ.

“ಯಾಕೆ?”

“ಮೂರು ವರ್ಷದ ಹಿಂದೆ ಒಬ್ಬನಿಗೆ ಇದ್ದದ್ದು ಇದ್ದ ಹಾಗೆ ಹೇಳ್ದೆ. ಮನೆಯವರ ಮಾತು ತಡೀಲಾರದೆ ವಾರದೊಳಗೆ ಜೀವ ಕಳ್ಕೊಂಡ. ಆಮೇಲೆ ಕೆಟ್ಟ ನಂಬರ್ ಬರೆಯೋಕೆ ಕೈಯೇ ಬರ್ಲಿಲ್ಲ.”

“ಆ ಟೀಚರ್ ಗತಿ?”

“ಹೆಂಗಸರ ವಿಷಯ ನಾನು ಯೋಚಿಸ್ಲೇ ಇಲ್ಲ ಸರ್.”

4.50ಕ್ಕೆ ಬಂಧನ. ಇನ್‌ಸ್ಪೆಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡರು. “ಒಂಬತ್ತು ವರ್ಷದ ಹಿಂದೆ ಒಬ್ಬ ಎಸ್‌ಐಗೆ ನಲವತ್ತೊಂದು ಪರ್ಸೆಂಟ್ ಅಂತ ಹೇಳಿ, ಪಕ್ಕದಲ್ಲಿ ಕೂರಿಸ್ಕೊಂಡು ಟೀ ಕುಡಿಸಿದ್ರಿ. ಸಿಗರೇಟ್ ಬಿಡಿ, ಡಾಕ್ಟರ್ ನೋಡಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರಿ.”

ದೊಡ್ಡಣ್ಣ ತಲೆಯೆತ್ತಿದರು. “ನೀವಾ?”

“ನಾನೇ. ಮಗಳೀಗ ಎರಡನೇ ಕ್ಲಾಸು. ಅವತ್ತು ನೀವು ನಿಜ ಹೇಳಿದ್ದಕ್ಕೇ ನಾನು ಅಪ್ಪ ಆದೆ.” ಇಷ್ಟು ವರ್ಷ ಹೇಳದೇ ಉಳಿದಿದ್ದ ಮಾತು ಹೊರಬಂದದ್ದು ಇಂಥ ಕೋಣೆಯಲ್ಲಿ.

ದೊಡ್ಡಣ್ಣ ಕಣ್ಣೊರೆಸಿಕೊಂಡರು.

“ಉಳಿದ ಹತ್ತು ಜನರದ್ದೂ ನಾನು ಸರಿಯಾಗೇ ಎಣಿಸಿದ್ದೆ. ಒಂದು ನಂಬರೂ ಮರೆತಿಲ್ಲ. ಬರ್ಕೊಳ್ಳಿ, ಅವರಿಗೆ ಇವತ್ತೇ ಹೇಳಿ. ಆದ್ರೆ ಫೋನಲ್ಲಿ ಬೇಡ ಸರ್, ಪಕ್ಕದಲ್ಲಿ ಕೂತು ಹೇಳಿ.”

ಹೆಡ್ ಕಾನ್‌ಸ್ಟೇಬಲ್ ಹೊಸ ಹಾಳೆ ತೆಗೆದಳು.